ಫ್ರೆಶ್ ಕ್ರೀಂ ಇಲ್ಲದೆ ಚೀಸ್ ಸಾಸ್ ಕೆನೆಕೆನೆಯಾಗಿ ಬರುತ್ತದಾ?

ಪ್ರಶ್ನೆ: ಅಕ್ಕಾ, ಮಕ್ಕಳಿಗೆ ಮನೆಯಲ್ಲೇ ಚೀಸ್ ಪಾಸ್ತಾ ಮಾಡಿಕೊಡಬೇಕು ಅಂತ ಆಸೆ. ಎರಡು ಸಲ ಮಾಡಿ ನೋಡಿದೆ. ಒಂದು ಸಲ ಸಾಸ್ ಗಂಟು ಗಂಟಾಯಿತು. ಇನ್ನೊಂದು ಸಲ ಚೀಸ್ ಒಂದು ಕಡೆ, ಎಣ್ಣೆ ಒಂದು ಕಡೆ. ಫ್ರೆಶ್ ಕ್ರೀಂ ಹಾಕದಿದ್ದರೆ ಹೀಗೇ ಆಗುವುದು ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಹೌದಾ? ಹಾಕುವುದಾದರೆ ಎಷ್ಟು ಹಾಕಬೇಕು? (ಕಾರವಾರದ ಒಬ್ಬ ಓದುಗರು)

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕ್ರೀಂ ಬೇಡ. ಒಂದು ಚಮಚವೂ ಬೇಡ. ಗಂಟಾಗಿದ್ದಕ್ಕೆ ಕಾರಣ ಬೇರೆ, ಎಣ್ಣೆ ಬಿಟ್ಟಿದ್ದಕ್ಕೆ ಕಾರಣ ಬೇರೆ. ಎರಡಕ್ಕೂ ಕ್ರೀಂ ಮದ್ದಲ್ಲ.

ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಶಿರಸಿಯ ನಮ್ಮ ಮನೆಗೆ ಅಡುಗೆ ಕಲಿಯಲು ಬರುವವರು ಕೇಳುತ್ತಾರೆ. ಫೋನ್ ಮಾಡಿದವರು ಕೇಳುತ್ತಾರೆ. ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಕೇಳುತ್ತಾರೆ. ಹೇಳಿದಾಗ ತಲೆ ಆಡಿಸುತ್ತಾರೆ. ಮುಂದಿನ ವಾರ ಮತ್ತೆ ಕ್ರೀಂ ಪ್ಯಾಕೆಟ್ ತಂದಿರುತ್ತಾರೆ. ಅದಕ್ಕೇ ಇವತ್ತು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಯಾವ ಪಾಸ್ತಾ ತರಬೇಕು, ಎಷ್ಟು ಹೊತ್ತು ಬೇಯಿಸಬೇಕು ಎನ್ನುವುದು ನಿಮಗೆ ಗೊತ್ತೇ ಇದೆ, ಪ್ಯಾಕೆಟ್ ಮೇಲೂ ಇರುತ್ತದೆ. ಅದನ್ನು ಬಿಡೋಣ.

ಈ ನಂಬಿಕೆ ಎಲ್ಲಿಂದ ಬಂತು ಎಂದು ನನಗೆ ಅರ್ಥವಾಗುತ್ತದೆ. ಹೆಸರೇ ಕ್ರೀಮಿ ಪಾಸ್ತಾ. ಹಾಗಾಗಿ ಒಳಗೆ ಕ್ರೀಂ ಇರಲೇಬೇಕು ಅಂತ ಅನಿಸುತ್ತದೆ. ಆದರೆ ನಾವು ಹಾಲುಬಾಯಿ ಮಾಡುವಾಗ ಏನು ಹಾಕುತ್ತೇವೆ? ಅಕ್ಕಿ, ತೆಂಗಿನಕಾಯಿ, ಬೆಲ್ಲ. ಹಸುವಿನ ಹಾಲು ಹಾಕುತ್ತೇವಾ? ಇಲ್ಲ ಅಲ್ವಾ? ಹೆಸರು ಬಂದಿದ್ದು ಬಾಯಿಗೆ ಸಿಗುವ ನುಣುಪಿನಿಂದ. ಇಲ್ಲೂ ಹಾಗೆಯೇ. ಕೆನೆಯಂತಿರುವುದು ಒಂದು ಹದ. ಆ ಹದ ಬರಲು ಕೆನೆಯೇ ಬೇಕು ಎಂದೇನಿಲ್ಲ.

ಇಟಲಿಯವರು ಕ್ರೀಂ ಹಾಕುತ್ತಾರಲ್ಲ ಎಂದು ಕೆಲವರು ವಾದಕ್ಕೆ ಬರುತ್ತಾರೆ. ಹೋಟೆಲ್ ಮೆನುವಿನಲ್ಲಿ ಆಲ್ಫ್ರೆಡೋ ಪಾಸ್ತಾ ಅಂತ ಇರುತ್ತದೆ, ನೋಡಿರುತ್ತೀರಿ. ಅದಕ್ಕೆ ಹೆಸರು ಬಂದಿದ್ದು ರೋಮ್ ನಗರದಲ್ಲಿ ಹೋಟೆಲ್ ನಡೆಸುತ್ತಿದ್ದ ಆಲ್ಫ್ರೆಡೋ ದಿ ಲೇಲಿಯೋ ಎಂಬವರಿಂದ. ಅವರು ಹಾಕುತ್ತಿದ್ದುದು ಬೆಣ್ಣೆ ಮತ್ತು ಸಣ್ಣಗೆ ತುರಿದ ಪಾರ್ಮೆಜಾನ್ ಚೀಸ್, ಅಷ್ಟೇ. ಬಿಸಿ ಪಾಸ್ತಾದ ಜೊತೆ ಅದನ್ನು ಕಲೆಸಿ ಕಲೆಸಿ ಸಾಸ್ ಬರಿಸುತ್ತಿದ್ದರು. ಕ್ರೀಂ ಸೇರಿದ್ದು ಆ ಅಡುಗೆ ಅಮೆರಿಕಕ್ಕೆ ಹೋದಮೇಲೆ. ಅಲ್ಲಿಂದ ತಿರುಗಿ ನಮ್ಮ ಹೋಟೆಲುಗಳಿಗೆ ಬಂತು, ಹೋಟೆಲಿನಿಂದ ನಮ್ಮ ಮನೆಗೆ ಬಂತು.

ಈಗ ಲೆಕ್ಕ ನೋಡಿ. ನಮ್ಮಲ್ಲಿ ಸಿಗುವ ಅಮೂಲ್ ಫ್ರೆಶ್ ಕ್ರೀಂ 200 ಮಿಲಿ ಹಾಕಿದಿರಿ ಎಂದಿಟ್ಟುಕೊಳ್ಳಿ, ಅದರಲ್ಲಿ ಶೇ. 25 ಜಿಡ್ಡು. ಅಂದರೆ 50 ಗ್ರಾಂ. 100 ಗ್ರಾಂ ಚೀಸ್ ಹಾಕಿದರೆ ಅದರಿಂದ ಹೆಚ್ಚುಕಡಿಮೆ 25 ಗ್ರಾಂ. 30 ಗ್ರಾಂ ಬೆಣ್ಣೆಯಿಂದ ಇನ್ನೊಂದು 24 ಗ್ರಾಂ. ಎಲ್ಲ ಸೇರಿ ಬಾಣಲೆಯಲ್ಲಿ ಇರುವುದು 330 ಗ್ರಾಂ ಸಾಮಾನು, ಅದರಲ್ಲಿ ಸುಮಾರು 100 ಗ್ರಾಂ ಬರೀ ಜಿಡ್ಡು. ಇಷ್ಟನ್ನು ಹಿಡಿದಿಟ್ಟುಕೊಳ್ಳಲು ಅಲ್ಲಿ ಏನಿದೆ? ಹೆಚ್ಚೇನೂ ಇಲ್ಲ. ಉರಿ ಸ್ವಲ್ಪ ಜಾಸ್ತಿಯಾದರೆ ಸಾಕು, ಎಣ್ಣೆ ಮೇಲೆ ಬಂದು ಕೂರುತ್ತದೆ. ಎಣ್ಣೆ ಬಿಟ್ಟಿತು ಎಂದು ಇನ್ನಷ್ಟು ಕ್ರೀಂ ಹಾಕುತ್ತೀರಿ. ಅಲ್ಲಿಗೆ ಇನ್ನಷ್ಟು ಜಿಡ್ಡು ಹಾಕಿದ ಹಾಗಾಯಿತು.

ಅದೇ ಚೀಸ್, ಅದೇ ಬೆಣ್ಣೆಗೆ ಅರ್ಧ ಲೀಟರ್ ಹಾಲು ಮತ್ತು 30 ಗ್ರಾಂ ಮೈದಾ ಸೇರಿಸಿ. ನಂದಿನಿಯ ನೀಲಿ ಪ್ಯಾಕೆಟ್ಟಿನ ಹಾಲಾದರೆ ಜಿಡ್ಡು ಶೇ. 3. ಈಗ ಒಟ್ಟು ಸಾಸಿನಲ್ಲಿ ಜಿಡ್ಡು ಹತ್ತರಲ್ಲಿ ಒಂದು ಪಾಲು ಮಾತ್ರ. ಅದನ್ನು ಹಿಡಿದಿಡಲು ಹಿಟ್ಟು ಇದೆ. ಬಾಯಿಗಿಟ್ಟರೆ ಮಾತ್ರ ಕ್ರೀಂ ಹಾಕಿದ್ದಕ್ಕಿಂತ ನುಣ್ಣಗೆ.

ಹಿಟ್ಟು ಹೇಗೆ ಹಿಡಿದಿಡುತ್ತದೆ? ಇದನ್ನು ನಮ್ಮ ಕಡೆಯ ಹೆಂಗಸರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಹೋದ ಮಳೆಗಾಲದಲ್ಲಿ ಒಂದು ದಿನ ಕಲಿಯಲು ಬಂದವರ ಎದುರಿಗೆ ಎರಡು ಪಾತ್ರೆ ಇಟ್ಟು ತೋರಿಸುತ್ತಿದ್ದೆ. ಒಂದರಲ್ಲಿ ಕ್ರೀಂ ಮತ್ತು ಚೀಸ್. ಇನ್ನೊಂದರಲ್ಲಿ ಬೆಣ್ಣೆ, ಮೈದಾ, ಹಾಲು, ಚೀಸ್. ಎರಡನ್ನೂ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಹಾಗೇ ಬಿಟ್ಟೆವು. ಮೊದಲನೆಯದರ ಅಂಚಿನಲ್ಲಿ ಹಳದಿ ಎಣ್ಣೆಯ ಉಂಗುರ ಬಂತು. ಕೆಳಗೆ ಚೀಸ್ ಮುದ್ದೆಯಾಗಿ ಕೂತಿತ್ತು. ಎರಡನೆಯದು ಹಾಗೇ ಮಿರಿಮಿರಿ ಹೊಳೆಯುತ್ತಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮ್ಮ ಅತ್ತೆ, "ಇದು ಪಳದ್ಯ ಮಾಡ್ದಾಂಗೇ ಅಲ್ದನೇ?" ಅಂದರು.

ನನಗೆ ಆ ಮಾತು ಕೇಳಿ ಆದ ಖುಷಿ ಅಷ್ಟಿಷ್ಟಲ್ಲ. ಹೌದು, ಪಳದ್ಯವೇ, ಕಾಯಿ ಬೀಸಿ ಹಾಕಿ ಮಾಡುವ ನಮ್ಮ ಮಜ್ಜಿಗೆ ಹುಳಿ. ಬರೀ ಮಜ್ಜಿಗೆಯನ್ನು ಒಲೆಯ ಮೇಲಿಟ್ಟು ಕುದಿಸಿ ನೋಡಿ. ಒಡೆದು ನೀರು ಬೇರೆ, ಮೊಸರಿನ ಹರಳು ಬೇರೆ ಆಗುತ್ತದೆ. ಅದಕ್ಕೇ ಕಾಯಿ ಬೀಸುವಾಗ ಒಂದು ಚಮಚ ನೆನೆಸಿದ ಅಕ್ಕಿ ಸೇರಿಸುತ್ತೇವೆ. ಆಮೇಲೆ ಕುದಿ ಬಂದರೂ ಒಡೆಯುವುದಿಲ್ಲ. ಹಿಟ್ಟಿನ ಕಣ ಬಿಸಿಯಲ್ಲಿ ನೀರು ಕುಡಿದು ಉಬ್ಬುತ್ತದೆ. ನೀರು ದಪ್ಪವಾಗುತ್ತದೆ. ಹಾಲಿನ ಅಂಶಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಲು ದಾರಿ ಸಿಗುವುದಿಲ್ಲ, ಜಿಡ್ಡಿನ ಹನಿಗಳು ಒಟ್ಟು ಸೇರಿ ಮೇಲೆ ಬರಲೂ ಆಗುವುದಿಲ್ಲ. ಪಳದ್ಯದಲ್ಲಿ ಅಕ್ಕಿ ಮಾಡುವ ಕೆಲಸವನ್ನೇ ಚೀಸ್ ಸಾಸಿನಲ್ಲಿ ಮೈದಾ ಮಾಡುತ್ತದೆ.

ನೀವು ಕಾರವಾರದವರು. ಕೋಕಂ ಮತ್ತು ಕಾಯಿಹಾಲಿನ ಸೋಲ್‌ಕಡಿಯನ್ನು ಕುದಿಸುತ್ತೀರಾ? ಮೀನು ಸಾರಿಗೆ ದಪ್ಪ ಕಾಯಿಹಾಲನ್ನು ಕೊನೆಗೆ ಹಾಕಿ ಉರಿ ಸಣ್ಣ ಮಾಡುವುದಿಲ್ಲವಾ? ಕಾಯಿಹಾಲು ಒಡೆಯಬಾರದು ಎಂಬ ಆ ಎಚ್ಚರವನ್ನೇ ಚೀಸಿಗೂ ಕೊಡಿ. ಇಷ್ಟೇ ಇದರ ಗುಟ್ಟು.

ಈಗ ಮಾಡುವ ವಿಧಾನ. ನಾಲ್ಕು ಜನಕ್ಕೆ 250 ಗ್ರಾಂ ಪಾಸ್ತಾ ಎಂದು ಇಟ್ಟುಕೊಳ್ಳಿ. ದಪ್ಪ ತಳದ ಪಾತ್ರೆಯಲ್ಲಿ 30 ಗ್ರಾಂ ಬೆಣ್ಣೆ ಕರಗಿಸಿ. ಮನೆಯ ಬೆಣ್ಣೆಯಾದರೆ ನೊರೆ ಜಾಸ್ತಿ, ಚಟಪಟ ಸದ್ದು ನಿಲ್ಲುವವರೆಗೆ ಕಾಯಿರಿ. ಬೆಣ್ಣೆಯಷ್ಟೇ ತೂಕದ ಮೈದಾ ಹಾಕಿ. ದೊಡ್ಡ ಚಮಚದಲ್ಲಿ ಮಟ್ಟಸವಾಗಿ ಅಳೆದರೆ ನಾಲ್ಕು ಚಮಚ ಬರುತ್ತದೆ. ಸಣ್ಣ ಉರಿಯಲ್ಲಿ ಎರಡು ನಿಮಿಷ ಕೈ ಬಿಡದೆ ತಿರುವಿ. ಮೊದಲು ಒದ್ದೆ ಮರಳಿನ ಹಾಗೆ ಇರುತ್ತದೆ. ಆಮೇಲೆ ಸಡಿಲವಾಗಿ ಸಣ್ಣ ಸಣ್ಣ ಗುಳ್ಳೆ ಏಳುತ್ತದೆ, ಬಿಸ್ಕೀಟಿನ ಪರಿಮಳ ಬರುತ್ತದೆ. ಬಣ್ಣ ಕೆಂಪಾಗುವ ಮೊದಲೇ ನಿಲ್ಲಿಸಿ.

ಇಲ್ಲಿಯೇ ಗಂಟಾಗುವುದು. ಅರ್ಧ ಲೀಟರ್ ಹಾಲನ್ನು ಒಂದೇ ಸಲ ಸುರಿದರೆ ಹಿಟ್ಟಿನ ಉಂಡೆಯ ಹೊರಮೈ ತಕ್ಷಣ ಬೆಂದು ಅಂಟಾಗುತ್ತದೆ. ಒಳಗಿನ ಹಿಟ್ಟಿಗೆ ಹಾಲು ತಲುಪುವುದೇ ಇಲ್ಲ. ಹಾಗಾಗಿ ಪಾತ್ರೆ ಕೆಳಗಿಳಿಸಿ. ಕಾಸಿ ಆರಿಸಿದ ಹಾಲನ್ನು ಮೊದಲು ಅರ್ಧ ಸೌಟು ಹಾಕಿ ಕಲೆಸಿ. ಅದು ಗಟ್ಟಿ ಹಿಟ್ಟಿನ ಮುದ್ದೆಯಾಗುತ್ತದೆ, ಹೆದರಬೇಡಿ. ಇನ್ನರ್ಧ ಸೌಟು. ಮುದ್ದೆ ಪೇಸ್ಟ್ ಆಗುತ್ತದೆ. ಪೇಸ್ಟ್ ನುಣ್ಣಗಾದ ಮೇಲೆ ಉಳಿದ ಹಾಲನ್ನು ಧೈರ್ಯವಾಗಿ ಹುಯ್ಯಿರಿ, ಇನ್ನು ಗಂಟಾಗುವುದಿಲ್ಲ. ತಂತಿಯ ವಿಸ್ಕ್ ಇಲ್ಲ ಎಂದು ಕೊರಗುವವರಿಗೆ ಹೇಳುತ್ತೇನೆ: ಮಜ್ಜಿಗೆ ಕಡೆಯುವ ಸಣ್ಣ ಕಡಗೋಲು ಮನೆಯಲ್ಲಿ ಇದೆ ಅಲ್ವಾ? ಅದನ್ನು ಎರಡು ಅಂಗೈ ನಡುವೆ ಹಿಡಿದು ತಿರುಗಿಸಿ. ನಾನು ಎರಡನ್ನೂ ಬಳಸಿ ನೋಡಿದ್ದೇನೆ. ಕಡಗೋಲೇ ಮೇಲು.

ಮತ್ತೆ ಒಲೆಯ ಮೇಲಿಡಿ. ತಳ ಹಿಡಿಯದ ಹಾಗೆ ತಿರುವುತ್ತಾ ಒಂದು ಕುದಿ ಬರಿಸಿ, ಆಮೇಲೆ ಸಣ್ಣ ಉರಿಯಲ್ಲಿ ಐದಾರು ನಿಮಿಷ. ಇದನ್ನು ತಪ್ಪಿಸಬೇಡಿ. ಕುದಿಯ ಹತ್ತಿರ ಬಂದಾಗಲೇ ಹಿಟ್ಟು ಪೂರ್ತಿ ಉಬ್ಬುವುದು, ಹಸಿ ವಾಸನೆ ಹೋಗುವುದು. ಸೌಟನ್ನು ಅದ್ದಿ ತೆಗೆದು ಅದರ ಬೆನ್ನ ಮೇಲೆ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಹಾಗೇ ನಿಂತರೆ ಹದ ಸರಿಯಾಗಿದೆ.

ಈಗ ಒಲೆ ಆರಿಸಿ. ಹೌದು, ಚೀಸ್ ಹಾಕುವ ಮೊದಲೇ ಆರಿಸಬೇಕು. ಒಂದು ನಿಮಿಷ ಬಿಟ್ಟು, ತುರಿದ ಚೀಸನ್ನು ಮೂರು ಸಲವಾಗಿ ಹಾಕಿ ತಿರುವಿ. ಪಾತ್ರೆಯ ಬಿಸಿಯೇ ಕರಗಲು ಸಾಕು. ಚೀಸ್ ಹಾಕಿದ ಮೇಲೆ ಕುದಿಸಿದರೆ ಅದರ ಪ್ರೋಟೀನ್ ಬಿಗಿದುಕೊಂಡು ಜಿಡ್ಡನ್ನು ಹೊರಗೆ ಹಾಕುತ್ತದೆ. ನಿಮ್ಮ ಎರಡನೇ ಸಲದ ಕಥೆ ಇದೇ ಇರಬೇಕು. ಉಪ್ಪು ಎಲ್ಲಕ್ಕಿಂತ ಕೊನೆಗೆ, ರುಚಿ ನೋಡಿ. ಚೀಸಿನಲ್ಲೇ ಬೇಕಾದಷ್ಟು ಇರುತ್ತದೆ.

ಪಾಸ್ತಾ ಬಸಿಯುವಾಗ ಆ ನೀರನ್ನು ಎರಡು ಸೌಟು ಎತ್ತಿಡಿ. ಅನ್ನ ಬಸಿದ ಗಂಜಿತಿಳಿಯ ಹಾಗೆ ಅದರಲ್ಲೂ ಹಿಟ್ಟಿನಂಶ ಇದೆ. ಸಾಸ್ ಆರುತ್ತಾ ಗಟ್ಟಿಯಾಗುತ್ತದೆ, ಆಗ ಈ ನೀರು ಹಾಕಿ ಸಡಿಲ ಮಾಡಿಕೊಳ್ಳಿ. ತಟ್ಟೆಗೆ ಬಡಿಸುವಾಗ ಸ್ವಲ್ಪ ತೆಳುವೇ ಇರಲಿ.

ಯಾವ ಚೀಸ್? ನಮ್ಮ ಊರಿನ ಅಂಗಡಿಯಲ್ಲಿ ಸಿಗುವ ಪ್ರೋಸೆಸ್ಡ್ ಚೀಸ್ ಕ್ಯೂಬ್ ಸಾಕು. 25 ಗ್ರಾಮಿನ ನಾಲ್ಕು ಕ್ಯೂಬ್ ಹಾಕಿ. ಅದು ನಿಜವಾದ ಚೀಸ್ ಅಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಚೀಸನ್ನು ಸೋಡಿಯಂ ಸಿಟ್ರೇಟ್ ಎಂಬ ಉಪ್ಪಿನ ಜೊತೆ ಕರಗಿಸಿ ಮತ್ತೆ ಅಚ್ಚು ಹಾಕುವುದನ್ನು ಸ್ವಿಟ್ಜರ್ಲೆಂಡಿನವರು 1911ರಲ್ಲೇ ಕಂಡುಕೊಂಡಿದ್ದರು. ಅಂಥ ಉಪ್ಪು ಇರುವುದರಿಂದಲೇ ಅದು ಎಣ್ಣೆ ಬಿಡದೆ ಕರಗುತ್ತದೆ. ಸಾಸಿಗೆ ಇದಕ್ಕಿಂತ ಒಳ್ಳೆಯ ಗುಣ ಯಾವುದು ಬೇಕು? ಒಂದು ಕ್ಯೂಬ್ ಕಡಿಮೆ ಮಾಡಿ ಅಷ್ಟೇ ಚೆಡ್ಡಾರ್ ಹಾಕಿದರೆ ರುಚಿ ಇನ್ನೂ ಏರುತ್ತದೆ. ಮೊಜರೆಲ್ಲಾ ಬೇಡ, ಅದು ದಾರ ದಾರ ಎಳೆಯುತ್ತದೆ, ಪಿಜ್ಜಾಕ್ಕೆ ಇರಲಿ. ಪನೀರ್ ಅಂತೂ ಕರಗುವುದೇ ಇಲ್ಲ. ಅದನ್ನು ಹುಳಿ ಹಾಕಿ ಒಡೆದು ಮಾಡಿದ್ದು. ಎಷ್ಟು ಕಾಸಿದರೂ ತುಂಡು ತುಂಡಾಗಿಯೇ ಇರುತ್ತದೆ.

ಅಷ್ಟಾದರೂ ಗಂಟಾದರೆ ಚೀಸ್ ಹಾಕುವ ಮೊದಲು ಜರಡಿಯಲ್ಲಿ ಸೋಸಿ. ಮೈದಾ ಬೇಡ ಎನ್ನುವವರು ಗೋಧಿ ಹಿಟ್ಟು ಬಳಸಬಹುದು, ಬಣ್ಣ ಸ್ವಲ್ಪ ಕಂದು. ಮತ್ತೆ ಕ್ರೀಂ ವಿಷಯಕ್ಕೆ ಬಂದರೆ, ಮೈದಾ ಹಾಕಿದ ಸಾಸಿಗೆ ಮೇಲಿನಿಂದ ಕ್ರೀಂ ಹಾಕಿದರೆ ಕೆಡುವುದೇನೂ ಇಲ್ಲ. ಆದರೆ ಚೀಸಿನ ರುಚಿ ಮಂಕಾಗುತ್ತದೆ. ದುಡ್ಡು ಕೊಟ್ಟು ತಂದ ಚೀಸು, ಅದರ ರುಚಿ ನಾಲಿಗೆಗೆ ಸಿಗಬೇಡವಾ?

ನೀವು ಕೇಳಿಲ್ಲ, ಆದರೂ ಮಸಾಲೆಯ ಮಾತು ಹೇಳದೆ ಬಿಡಲು ಮನಸ್ಸಿಲ್ಲ. ಪಾಸ್ತಾ ಅಂದರೆ ಆರೆಗಾನೊ ಮತ್ತು ಚಿಲ್ಲಿ ಫ್ಲೇಕ್ಸ್ ಪೊಟ್ಟಣ ಎಂದಾಗಿಬಿಟ್ಟಿದೆ. ಬೆಣ್ಣೆ, ಮೈದಾ, ಹಾಲಿನ ಈ ಬಿಳಿ ಸಾಸನ್ನು ಫ್ರೆಂಚರು ಬೆಶಮೆಲ್ ಎನ್ನುತ್ತಾರೆ, ಚೀಸ್ ಸೇರಿದರೆ ಮೊರ್ನೇ. ಅದಕ್ಕೆ ಅವರು ಹಿಂದಿನಿಂದ ಹಾಕುತ್ತಾ ಬಂದ ಮಸಾಲೆ ಎರಡು. ಬಿಳಿ ಕಾಳುಮೆಣಸು ಮತ್ತು ಜಾಯಿಕಾಯಿ. ಎರಡೂ ನಮ್ಮ ಅಡಿಕೆ ತೋಟದಲ್ಲಿ ಬೆಳೆಯುತ್ತವೆ! ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆದರು. ಆ ನೆಲದಲ್ಲಿ ಕೂತು ನಾವು ಪೊಟ್ಟಣ ಒಡೆಯುತ್ತಿದ್ದೇವೆ.

ಬಿಳಿ ಕಾಳುಮೆಣಸು ಅಂದರೆ ನಮ್ಮ ಬೋಳುಕಾಳು. ಹಣ್ಣಾದ ಮೆಣಸನ್ನು ನೀರಿನಲ್ಲಿ ಕೊಳೆಯಲು ಹಾಕಿ, ಸಿಪ್ಪೆ ಉಜ್ಜಿ ತೆಗೆದು ಒಣಗಿಸಿದ್ದು. ಖಾರ ಇರುತ್ತದೆ, ಬಿಳಿ ಸಾಸಿನಲ್ಲಿ ಕಪ್ಪು ಚುಕ್ಕೆ ಕಾಣುವುದಿಲ್ಲ. ಕಪ್ಪು ಮೆಣಸೇ ಇಷ್ಟವಾದರೆ ಹಾಕಿ, ಆದರೆ ಆಗಲೇ ಜಜ್ಜಿದ್ದು ಇರಲಿ. ಪುಡಿ ಮಾಡಿ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಮೆಣಸಿನಲ್ಲಿ ಖಾರ ಉಳಿದಿರುತ್ತದೆ, ಪರಿಮಳ ಹಾರಿಹೋಗಿರುತ್ತದೆ.

ಜಾಯಿಕಾಯಿ ತುರಿಯಲು ಸಣ್ಣ ತುರಿಮಣೆ ಇಲ್ಲದಿದ್ದರೆ, ಮಗುವಿಗೆ ಮದ್ದು ತೇಯುವ ಕಲ್ಲು ತೊಳೆದುಕೊಳ್ಳಿ. ಅದರ ಮೇಲೆ ಎರಡು ಹನಿ ಹಾಲು ಬಿಟ್ಟು ಜಾಯಿಕಾಯಿಯನ್ನು ನಾಲ್ಕೈದು ಸುತ್ತು ತೇಯಿರಿ. ಅರ್ಧ ಲೀಟರ್ ಹಾಲಿನ ಸಾಸಿಗೆ ಅಷ್ಟು ಸಾಕು, ಜಾಸ್ತಿಯಾದರೆ ಕಹಿ. ಚೀಸ್ ಹಾಕುವುದಕ್ಕೆ ಮೊದಲು, ಹಾಲು ಇನ್ನೂ ಕುದಿಯುತ್ತಿರುವಾಗ ಅದನ್ನು ಬೆರಳಲ್ಲಿ ಬಳಿದು ಸಾಸಿಗೆ ಹಾಕಿಬಿಡಿ.