‘ಮಹಾಭಾರತ’ ಧಾರಾವಾಹಿಯ ಟೈಟಲ್ ಹಾಡು ರಫಿ ಹಾಡಿದ್ದಾ?

ಪ್ರಶ್ನೆ: ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿದ್ದ ಹಳೆಯ ‘ಮಹಾಭಾರತ’ದ ಟೈಟಲ್ ಹಾಡು ಮೊಹಮ್ಮದ್ ರಫಿಯವರದ್ದು ಅಂತ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಿಜವೇ? ಅಲ್ಲವಾದರೆ ಅದು ಯಾರ ದನಿ? ಅವರು ಬೇರೆ ಏನು ಹಾಡಿದ್ದಾರೆ?

ಉತ್ತರ: ರಫಿ ಅಲ್ಲ, ಮಹೇಂದ್ರ ಕಪೂರ್. ರಫಿ ತೀರಿಕೊಂಡಿದ್ದು 1980ರ ಜುಲೈ 31ರಂದು. ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಶುರುವಾಗಿದ್ದು 1988ರ ಅಕ್ಟೋಬರ್ 2ರಂದು. ಎಂಟು ವರ್ಷದ ಅಂತರ ಇದೆ.

ಆದರೆ ನಿಮ್ಮ ಮನೆಯವರ ಕಿವಿಯನ್ನು ದೂರುವ ಹಾಗಿಲ್ಲ. ಮಹೇಂದ್ರ ಕಪೂರ್ ಹಾಡಿದ್ದನ್ನು ರಫಿ ಅಂದುಕೊಳ್ಳುವವರು ಮೊದಲಿನಿಂದಲೂ ಇದ್ದಾರೆ. ಮಹೇಂದ್ರ ಕಪೂರ್ ಹುಟ್ಟಿದ್ದು 1934ರ ಜನವರಿ 9ರಂದು, ಅಮೃತಸರದಲ್ಲಿ. ರಫಿಯವರ ಊರು ಕೋಟ್ಲಾ ಸುಲ್ತಾನ್ ಸಿಂಗ್ ಇರುವುದೂ ಅಮೃತಸರದ ಹತ್ತಿರವೇ. ಚಿಕ್ಕಂದಿನಲ್ಲೇ ಮುಂಬೈಗೆ ಬಂದ ಹುಡುಗನಿಗೆ ರಫಿ ಅಂದರೆ ಪ್ರಾಣ. ಅವರನ್ನೇ ಗುರು ಅಂತ ಒಪ್ಪಿಕೊಂಡ. ಜೊತೆಗೆ ಹುಸ್ನಲಾಲ್ ಅವರಂಥವರ ಹತ್ತಿರ ಶಾಸ್ತ್ರೀಯ ಸಂಗೀತವನ್ನೂ ಕಲಿತ. ಹಾಗಾಗಿ ಮೇಲಿನ ಸ್ವರಕ್ಕೆ ಏರುವ ರೀತಿಯಲ್ಲಿ, ಸಾಲಿನ ಕೊನೆಯನ್ನು ಎಳೆಯುವ ರೀತಿಯಲ್ಲಿ ರಫಿಯ ನೆರಳು ಕಾಣುವುದು ಸಹಜ ಅಲ್ವಾ?

1957ರಲ್ಲಿ ಮೆಟ್ರೋ ಮರ್ಫಿ ಅಖಿಲ ಭಾರತ ಗಾಯನ ಸ್ಪರ್ಧೆ ಗೆದ್ದ ಮೇಲೆ ಸಿನಿಮಾದ ಬಾಗಿಲು ತೆರೆಯಿತು. ನೌಷಾದ್ ‘ಸೋಹ್ನಿ ಮಹಿವಾಲ್’ನಲ್ಲಿ ಹಾಡಿಸಿದರು. 1959ರಲ್ಲಿ ವಿ. ಶಾಂತಾರಾಮ್ ಅವರ ‘ನವರಂಗ್’ ಬಂತು. ಸಿ. ರಾಮಚಂದ್ರ ಸಂಗೀತದಲ್ಲಿ ಆಶಾ ಭೋಸ್ಲೆ ಜೊತೆ ಹಾಡಿದ ‘ಆಧಾ ಹೈ ಚಂದ್ರಮಾ’ ಮಹೇಂದ್ರ ಕಪೂರ್ ಹೆಸರನ್ನು ಎಲ್ಲ ಕಡೆ ಮುಟ್ಟಿಸಿತು. ಅದೇ ವರ್ಷ ಚೋಪ್ರಾ ನಿರ್ಮಾಣದ ‘ಧೂಲ್ ಕಾ ಫೂಲ್’ನಲ್ಲೂ ಹಾಡಿದರು. ಟೀವಿಯ ಆ ಹಾಡಿಗೆ ಬರುವ ದಾರಿ ಅಲ್ಲಿಂದಲೇ ಶುರು. ಚೋಪ್ರಾ ಮತ್ತು ಮಹೇಂದ್ರ ಕಪೂರ್ ನಂಟು ಅಲ್ಲಿಂದ ಮೂವತ್ತು ವರ್ಷ ನಡೆಯಿತು.

‘ಮಹಾಭಾರತ’ದ ಹಾಡು ಕೇಳಿದವರು ಇವರನ್ನು ಗಟ್ಟಿ ಗಂಟಲಿನ ಗಾಯಕ ಅಂತ ಮಾತ್ರ ನೆನಪಿಡುತ್ತಾರೆ. ಅದು ನನಗೆ ಬೇಸರದ ವಿಷಯ. ಯಾಕೆ ಅಂತ ಗೊತ್ತಾಗಬೇಕಾದರೆ ‘ಗುಮ್ರಾಹ್’ (1963) ಚಿತ್ರದ ‘ಚಲೋ ಇಕ್ ಬಾರ್ ಫಿರ್ ಸೇ’ ಕೇಳಬೇಕು. ಸುನೀಲ್ ದತ್ ಪಿಯಾನೋ ಮುಂದೆ ಕೂತಿದ್ದಾನೆ. ಒಂದು ಕಾಲಕ್ಕೆ ಪ್ರೀತಿಸಿದ ಹುಡುಗಿ, ಈಗ ಬೇರೆಯವರ ಹೆಂಡತಿ, ಎದುರಿಗೇ ಇದ್ದಾಳೆ. ಅವಳ ಗಂಡನೂ ಅಲ್ಲೇ ಇದ್ದಾನೆ. ನಾವಿಬ್ಬರೂ ಮತ್ತೆ ಅಪರಿಚಿತರಾಗಿಬಿಡೋಣ ಅಂತ ಇವನು ಹಾಡಬೇಕು. ಮನಸ್ಸಿನಲ್ಲಿರುವುದು ಅವಳಿಗೆ ಮುಟ್ಟಬೇಕು, ಉಳಿದವರಿಗೆ ಸುಮ್ನೆ ಒಂದು ಹಾಡು ಅನ್ನಿಸಬೇಕು. ಸಾಹಿರ್ ಲುಧಿಯಾನ್ವಿ ಬರೆದ ಈ ಸಾಲುಗಳನ್ನು ಮಹೇಂದ್ರ ಕಪೂರ್ ಎಲ್ಲೂ ಅಳುಮುಖ ಮಾಡದೆ, ಮಾತಾಡಿದ ಹಾಗೆ ಹಾಡಿದ್ದಾರೆ. ಗಂಟಲಿನಲ್ಲಿ ಎಷ್ಟು ಶಕ್ತಿ ಇದೆಯೋ ಅದನ್ನೆಲ್ಲ ಒಳಗೇ ಹಿಡಿದಿಟ್ಟಿದ್ದಾರೆ. ಅವರ ಮೊದಲ ಫಿಲ್ಮ್‌ಫೇರ್ ಪ್ರಶಸ್ತಿ ಬಂದಿದ್ದು ಇದಕ್ಕೇ. ಸಂಗೀತ ರವಿ ಅವರದ್ದು.

ಇನ್ನು 1967. ಆ ಒಂದೇ ವರ್ಷ ಎರಡು ಸಿನಿಮಾ ಬಂದವು. ಚೋಪ್ರಾ ಅವರ ‘ಹಮ್ರಾಜ್’ನಲ್ಲಿ ‘ನೀಲೇ ಗಗನ್ ಕೇ ತಲೇ’. ಅದು ಭೂಪಾಲಿ ರಾಗದ ಹಾಡು, ನಮ್ಮ ಕರ್ನಾಟಕ ಸಂಗೀತದಲ್ಲಿ ಮೋಹನ ಅಂತೀವಲ್ಲ, ಅದರ ಜೋಡಿ. ಎಲ್ಲೂ ಅವಸರ ಇಲ್ಲ. ಅದೇ ವರ್ಷ ಮನೋಜ್ ಕುಮಾರ್ ಅವರ ‘ಉಪಕಾರ್’ನಲ್ಲಿ ‘ಮೇರೇ ದೇಶ್ ಕೀ ಧರತಿ’. ಇಲ್ಲಿ ದನಿ ಹೊಲದ ಈ ಬದುವಿನಿಂದ ಆ ಬದುವಿಗೆ ಕೇಳಿಸುವಷ್ಟು ಜೋರು. ಒಂದು ಹಾಡಿಗೆ ಫಿಲ್ಮ್‌ಫೇರ್, ಇನ್ನೊಂದಕ್ಕೆ ರಾಷ್ಟ್ರ ಪ್ರಶಸ್ತಿ. ಅತ್ಯುತ್ತಮ ಹಿನ್ನೆಲೆ ಗಾಯಕ ಅಂತ ರಾಷ್ಟ್ರ ಪ್ರಶಸ್ತಿ ಕೊಡಲು ಶುರುಮಾಡಿದ ಮೊದಲ ವರ್ಷವೇ ಅದು ಇವರ ಪಾಲಾಯಿತು.

‘ಉಪಕಾರ್’ ಗೆದ್ದಿದ್ದರಿಂದ ಒಳ್ಳೆಯದೂ ಆಯಿತು, ತೊಂದರೆಯೂ ಆಯಿತು ಅಂತ ನನಗೆ ಅನ್ನಿಸುತ್ತದೆ. ದೇಶಭಕ್ತಿ ಹಾಡು ಅಂದರೆ ಮಹೇಂದ್ರ ಕಪೂರ್ ಅಂತಾಯಿತು. ‘ಪೂರಬ್ ಔರ್ ಪಶ್ಚಿಮ್’ (1970), ‘ರೋಟಿ ಕಪಡಾ ಔರ್ ಮಕಾನ್’ (1974) ಹೀಗೆ ಮನೋಜ್ ಕುಮಾರ್ ಸಿನಿಮಾಗಳಲ್ಲಿ ಜೋರು ದನಿಯ ಹಾಡುಗಳು ಜಾಸ್ತಿ ಬಂದವು. 1972ರಲ್ಲಿ ಪದ್ಮಶ್ರೀ ಸಿಕ್ಕಿತು. ಆದರೆ ‘ಗುಮ್ರಾಹ್’ ಥರದ ಮೆತ್ತನೆ ಹಾಡು ಕೊಡುವವರು ಕಡಿಮೆಯಾದರು. ಕೊಡುತ್ತಿದ್ದವರಲ್ಲಿ ಮುಖ್ಯರು ಚೋಪ್ರಾ ಅವರೇ. 1982ರ ‘ನಿಕಾಹ್’ನಲ್ಲಿ ‘ಬೀತೇ ಹುಏ ಲಮ್ಹೋಂ ಕೀ ಕಸಕ್’ ಹಾಡಿಸಿದರು. ಆ ಹೊತ್ತಿಗೆ ಗಾಯಕರ ವಯಸ್ಸು ಐವತ್ತರ ಹತ್ತಿರ. ಈ ನಡುವೆ ಮರಾಠಿಯಲ್ಲಿ ದಾದಾ ಕೋಂಡ್ಕೆ ಸಿನಿಮಾಗಳಿಗೆ ತಮಾಷೆಯ, ತುಂಟತನದ ಹಾಡುಗಳನ್ನೂ ಹಾಡಿದರು. ಅದೇ ಗಂಟಲು ಅಂದರೆ ನಂಬುವುದು ಕಷ್ಟ.

ಈಗ ನಿಮ್ಮ ಹಾಡಿಗೆ ಬರೋಣ. ಸಂಗೀತ ರಾಜ್ ಕಮಲ್, ಸಾಹಿತ್ಯ ಪಂಡಿತ್ ನರೇಂದ್ರ ಶರ್ಮಾ. ಎರಡೂವರೆ ನಿಮಿಷವೂ ದಾಟದ ಟೈಟಲ್‌ನಲ್ಲಿ ಗಾಯಕನಿಗೆ ಎರಡು ಬೇರೆ ಬೇರೆ ಕೆಲಸ ಇದೆ. ಮೊದಲು ಶಂಖ, ಆಮೇಲೆ ‘ಅಥ ಶ್ರೀ ಮಹಾಭಾರತ ಕಥಾ’. ಇಲ್ಲಿ ಅವರು ಕಥೆಗಾರ. ಅಡುಗೆಮನೆಯಲ್ಲಿದ್ದವರೂ ಬಂದು ಟೀವಿ ಮುಂದೆ ಕೂರಬೇಕು, ಅಂಥ ಕರೆ. ಸಾಲುಗಳು ಓಡುತ್ತವೆ, ಪುರುಷಾರ್ಥ, ಸ್ವಾರ್ಥ, ಪರಮಾರ್ಥ ಅಂತ ಪ್ರಾಸ ಒಂದರ ಹಿಂದೆ ಒಂದು ಬಂದು ಬೀಳುತ್ತದೆ. ಆಮೇಲೆ ಓಟ ನಿಂತು ‘ಯದಾ ಯದಾ ಹಿ ಧರ್ಮಸ್ಯ’ ಬರುತ್ತದೆ. ಭಗವದ್ಗೀತೆಯ ನಾಲ್ಕನೇ ಅಧ್ಯಾಯದ ಶ್ಲೋಕ. ಇಲ್ಲಿ ಹಾಡುವುದು ಕೃಷ್ಣನ ಮಾತು. ದನಿ ಬಿಡಿಸಿಕೊಂಡು, ಒಂದೊಂದು ಅಕ್ಷರಕ್ಕೂ ಜಾಗ ಕೊಟ್ಟು ಹಾಡುತ್ತಾರೆ. ‘ಸಂಭವಾಮಿ ಯುಗೇ ಯುಗೇ’ ತಲುಪುವಾಗ ಅಬ್ಬರ ಇಲ್ಲ, ಭರವಸೆ ಇದೆ. ‘ಉಪಕಾರ್’ನ ಗಂಟಲೂ ಬೇಕು, ‘ಗುಮ್ರಾಹ್’ನ ಸಂಯಮವೂ ಬೇಕು ಅನ್ನುವ ಹಾಡು ಇದು. ಚೋಪ್ರಾಗೆ ಎರಡೂ ಒಬ್ಬರಲ್ಲೇ ಸಿಗುತ್ತದೆ ಅಂತ ಮೂವತ್ತು ವರ್ಷದಿಂದ ಗೊತ್ತಿತ್ತು.

ನಮ್ಮ ಕಡೆ ಹಿಂದಿ ಸರಿಯಾಗಿ ಬಾರದ ಎಷ್ಟೋ ಮನೆಗಳಲ್ಲಿ ಈ ಹಾಡು ಬಾಯಿಪಾಠ ಆಗಿದ್ದಕ್ಕೂ ಆ ಶ್ಲೋಕವೇ ದೊಡ್ಡ ಕಾರಣ. ಅಜ್ಜಿ ತಾತಂದಿರಿಗೆ ಅದು ಮೊದಲೇ ಗೊತ್ತಿತ್ತು. ಹಿಂದಿ ಸಾಲಿಗೆ ಸುಮ್ಮನಿದ್ದವರು ಶ್ಲೋಕಕ್ಕೆ ದನಿಗೂಡಿಸುತ್ತಿದ್ದರು. ಟೈಟಲ್ ಅಲ್ಲದೆ ಕಂತುಗಳ ನಡುವೆ, ಕೊನೆಯಲ್ಲಿ ಬರುವ ಪದ್ಯಗಳಲ್ಲೂ ಇವರ ದನಿಯೇ ಕೇಳಿಸುತ್ತದೆ. 94 ಕಂತು ಮುಗಿದಿದ್ದು 1990ರ ಜೂನ್ 24ರಂದು. 2020ರ ಲಾಕ್‌ಡೌನ್‌ನಲ್ಲಿ ದೂರದರ್ಶನ ಮರುಪ್ರಸಾರ ಮಾಡಿದಾಗ ಹೊಸ ತಲೆಮಾರಿನವರೂ ಕೇಳಿದರು.

ಮಹೇಂದ್ರ ಕಪೂರ್ ಮುಂಬೈನಲ್ಲಿ ತೀರಿಕೊಂಡಿದ್ದು 2008ರ ಸೆಪ್ಟೆಂಬರ್ 27ರಂದು. ಆರು ವಾರದೊಳಗೆ, ನವೆಂಬರ್ 5ರಂದು ಚೋಪ್ರಾ ಅವರೂ ಹೋದರು.

ರಫಿ ದನಿಗೂ ಇವರ ದನಿಗೂ ವ್ಯತ್ಯಾಸ ಗೊತ್ತಾಗಬೇಕಾದರೆ ಚೋಪ್ರಾ ಅವರದ್ದೇ ‘ವಕ್ತ್’ (1965) ಹಾಕಿ. ‘ವಕ್ತ್ ಸೇ ದಿನ್ ಔರ್ ರಾತ್’ ರಫಿ, ‘ದಿನ್ ಹೈಂ ಬಹಾರ್ ಕೇ’ ಆಶಾ ಜೊತೆ ಮಹೇಂದ್ರ ಕಪೂರ್. ಎರಡಕ್ಕೂ ರವಿ ಅವರದ್ದೇ ಸಂಗೀತ. ರಫಿಯ ದನಿ ರೇಷ್ಮೆ ಥರ ಜಾರುತ್ತದೆ. ಮಹೇಂದ್ರ ಕಪೂರ್ ದನಿಯಲ್ಲಿ ಸ್ವಲ್ಪ ಅನುನಾಸಿಕ, ಸ್ವಲ್ಪ ಒರಟು ಅಂಚು ಇದೆ. ಅದಾದ ಮೇಲೆ ‘ಮಹಾಭಾರತ’ದ ಟೈಟಲ್ ಹಾಕಿ ಮನೆಯವರಿಗೆಲ್ಲ ಕೇಳಿಸಿ.