ಚೀಟಿಯ ಮೂಲೆಯಲ್ಲಿದ್ದ ಎರಡು ಅಂಕಿ

2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಇದ್ದದ್ದು ಒಂದೇ ಮಾತು, ಹಾರ್ಟ್ ಅಟ್ಯಾಕ್. ಚಿಕ್ಕ ವಯಸ್ಸಿನವರೂ ಹೋಗ್ತಿದ್ದಾರೆ ಅಂತ ಸುದ್ದಿ ಹಬ್ಬಿತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗ್ಗೆನೇ ಕ್ಯೂ. ಸರ್ಕಾರ ತಜ್ಞರ ಸಮಿತಿ ಮಾಡಿತು. ಲಸಿಕೆ, ಟೆನ್ಶನ್, ಊಟ ಅಂತ ವಾದಗಳು ಎದ್ದವು. ಅಟ್ಯಾಕ್ ಆಗಿ ಆಸ್ಪತ್ರೆ ಬಾಗಿಲಿಗೆ ಬಂದವರಲ್ಲಿ ಯಾರ ಪ್ರಾಣಕ್ಕೆ ಅಪಾಯ ಜಾಸ್ತಿ ಅನ್ನೋದನ್ನು ಮೊದಲ ಐದು ನಿಮಿಷದಲ್ಲಿ ತಿಳಿಯೋದು ಹೇಗೆ ಅಂತ ಮಾತ್ರ ಯಾರೂ ಕೇಳಲಿಲ್ಲ.

ನಮ್ಮ ಸೋದರಮಾವನ ರೆಫರ್ ಚೀಟಿ ಇನ್ನೂ ನನ್ನ ಹತ್ತಿರ ಇದೆ. ವಯಸ್ಸು 64. ಇಸಿಜಿ ಬಗ್ಗೆ ನಾಲ್ಕು ಸಾಲು. ಮೂಲೆಯಲ್ಲಿ ಸಿಸ್ಟರ್ ಬರೆದ ಪುಟ್ಟ ಅಕ್ಷರ: ಪಲ್ಸ್ 110, ಬಿಪಿ 100/70. ಅಂಥ ಭಯ ಬೀಳಿಸುವ ಅಂಕಿಗಳೇನಲ್ಲ, ಅಲ್ವಾ? ಹೆದರಿದವರಿಗೆ ಪಲ್ಸ್ ಏರುತ್ತೆ. 100 ಬಿಪಿ ಎಷ್ಟೋ ಜನರಿಗೆ ಇರುತ್ತೆ.

ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುವ ಸಾಧನ 1896ರಲ್ಲಿ ಬಂತು, ಸ್ಟೆತಾಸ್ಕೋಪಿನಲ್ಲಿ ಕೇಳಿ ಅಳೆಯೋದು 1905ರಲ್ಲಿ. ಈ ಎರಡು ಅಂಕಿಗಳನ್ನು ಸೇರಿಸಿ ನೋಡೋಣ ಅಂತ ಹೊರಟದ್ದು 1967ರಲ್ಲಿ, ಆಲ್‌ಗೋವರ್ ಮತ್ತು ಬುರಿ ಅನ್ನೋ ವೈದ್ಯರು. ಪಲ್ಸನ್ನು ಮೇಲಿನ ಬಿಪಿಯಿಂದ ಭಾಗಿಸಿದರೆ ಶಾಕ್ ಇಂಡೆಕ್ಸ್. ಶಾಕ್ ಅಂದರೆ ಇಲ್ಲಿ ಮೈಗೆ ರಕ್ತ ಸಾಕಷ್ಟು ತಲುಪದ ಸ್ಥಿತಿ. ಆರೋಗ್ಯವಂತರಲ್ಲಿ 0.5ರಿಂದ 0.7, ಏರಿದಷ್ಟೂ ಅಪಾಯ. ಅದು ಶುರುವಾದದ್ದು ರಕ್ತ ಹೋಗುತ್ತಿರುವವರಿಗಾಗಿ, ಹೃದಯಕ್ಕಲ್ಲ. ಅದೇ ವರ್ಷ ನ್ಯೂಯಾರ್ಕಿನಲ್ಲಿ ಕಿಲಿಪ್ ಮತ್ತು ಕಿಂಬಲ್ 250 ಹೃದಯಾಘಾತದ ರೋಗಿಗಳನ್ನು ಬರೀ ಮೈ ಮುಟ್ಟಿ, ಎದೆ ಕೇಳಿ ಪರೀಕ್ಷೆ ಮಾಡಿ ನಾಲ್ಕು ಗುಂಪು ಮಾಡಿದರು. ಶ್ವಾಸಕೋಶದಲ್ಲಿ ನೀರಿನ ಸದ್ದು ಇಲ್ಲದ ಮೊದಲ ಗುಂಪಿನಲ್ಲಿ ಸತ್ತವರು ಶೇ 6. ಬಿಪಿ ಕುಸಿದು ಮೈ ತಣ್ಣಗಾದ ಕೊನೆಯ ಗುಂಪಿನಲ್ಲಿ ಶೇ 81.

ಆಮೇಲೆ ಹೆಪ್ಪು ಕರಗಿಸುವ ಔಷಧದ ಕಾಲ ಬಂತು. 1995ರಲ್ಲಿ, ಅಂಥ ಔಷಧಗಳನ್ನು ಹೋಲಿಸಿದ ಗುಸ್ಟೊ ಅಧ್ಯಯನದ 41,021 ರೋಗಿಗಳ ಲೆಕ್ಕ ನೋಡಿದಾಗ, ಒಂದು ತಿಂಗಳಲ್ಲಿ ಯಾರು ಉಳಿಯುತ್ತಾರೆ ಅನ್ನೋ ಮಾಹಿತಿಯಲ್ಲಿ ಶೇ 90 ಐದೇ ವಿಷಯದಲ್ಲಿ ಇತ್ತು. ವಯಸ್ಸು, ಮೇಲಿನ ಬಿಪಿ, ಕಿಲಿಪ್ ಗುಂಪು, ಪಲ್ಸ್, ಹೃದಯದಲ್ಲಿ ಅಟ್ಯಾಕ್ ಆದ ಜಾಗ. ಕೊನೆಯದಕ್ಕೆ ಮಾತ್ರ ಇಸಿಜಿ ಬೇಕು. ಉಳಿದವಕ್ಕೆ ಕಣ್ಣು, ಕಿವಿ, ಕೈ ಸಾಕು.

2001ರಲ್ಲಿ ಅದು ಇನ್ನೂ ಸಣ್ಣದಾಯಿತು. ಟಿಮಿ ಅನ್ನೋ ಸಂಶೋಧಕರ ಗುಂಪಿನ ರಿಸ್ಕ್ ಇಂಡೆಕ್ಸ್‌ಗೆ ಬೇಕಾದದ್ದು ಮೂರೇ ಅಂಕಿ. ವಯಸ್ಸನ್ನು ಹತ್ತರಿಂದ ಭಾಗಿಸಿ ವರ್ಗ ಮಾಡಿ, ಪಲ್ಸಿನಿಂದ ಗುಣಿಸಿ, ಮೇಲಿನ ಬಿಪಿಯಿಂದ ಭಾಗಿಸಬೇಕು. ಉತ್ತರ 12.5ರ ಒಳಗಿದ್ದವರಲ್ಲಿ ತಿಂಗಳೊಳಗೆ ಸತ್ತವರು ನೂರಕ್ಕೆ ಒಬ್ಬರೂ ಇಲ್ಲ. ಉತ್ತರ 30 ದಾಟಿದವರಲ್ಲಿ ನೂರಕ್ಕೆ ಸುಮಾರು 17. ಎರಡು ವರ್ಷಕ್ಕೆ ಗ್ರೇಸ್ ಸ್ಕೋರ್ ಅನ್ನೋ ಇನ್ನೊಂದು ಲೆಕ್ಕ ಬಂತು. ಅದು ಇನ್ನೂ ಪಕ್ಕಾ, ಆದರೆ ರಕ್ತ ಪರೀಕ್ಷೆ ಬರುವ ತನಕ ಕಾಯಬೇಕು.

ಮಾವನ ಅಂಕಿ ಹಾಕಿ ನೋಡಿದೆ. ಶಾಕ್ ಇಂಡೆಕ್ಸ್ 1.1. ಟಿಮಿ 45.

ಈ ಲೆಕ್ಕ ಎಲ್ಲರಿಗೂ ಹೊಂದುತ್ತೆ ಅಂತಲ್ಲ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ಪಲ್ಸ್ ಅಷ್ಟಾಗಿ ಏರೋದಿಲ್ಲ. ಹೃದಯದ ಕೆಳಭಾಗದ ಅಟ್ಯಾಕ್‌ನಲ್ಲಿ ಪಲ್ಸ್ 45ಕ್ಕೆ ಇಳಿಯಬಹುದು, ಆಗ ಇಂಡೆಕ್ಸ್ ಸುಮ್ನೆ ಸಮಾಧಾನ ಹೇಳುತ್ತೆ. ಮೇಲಿನ ಬಿಪಿ ಸದಾ 170 ಇರುವವರಿಗೆ 120 ಅಂದರೆ ಕುಸಿತವೇ.

ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ಜಯದೇವದ ತಜ್ಞರಿಗೆ ಹೋಗುತ್ತದೆ. ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಇದು ದೊಡ್ಡ ಕೆಲಸವೇ. ಆದರೆ ಇಸಿಜಿ ಆ ಒಂದು ಗಳಿಗೆಯ ಚಿತ್ರ. ರೋಗಿ ಆಮೇಲೆ ಸಕಲೇಶಪುರದಿಂದ ಹಾಸನಕ್ಕೆ 40 ಕಿಲೋಮೀಟರ್ ಮಳೆಯಲ್ಲಿ ಬರಬೇಕು. ಕಾಲು ಗಂಟೆಗೊಮ್ಮೆ ಪಲ್ಸ್, ಬಿಪಿ ಬರೆಯೋಕೆ ಖರ್ಚೇನೂ ಇಲ್ಲ.

ಮಾವನ ಎರಡನೇ ಚೀಟಿ ದೊಡ್ಡ ಆಸ್ಪತ್ರೆಯದು, ಒಂದೂವರೆ ಗಂಟೆ ನಂತರದ್ದು. ಪಲ್ಸ್ 126, ಮೇಲಿನ ಬಿಪಿ 84. ಎರಡು ಚೀಟಿಯ ನಡುವಿನ ದಾರಿಯಲ್ಲಿ ಏನೂ ಬರೆದಿಲ್ಲ.