ಲಿನಕ್ಸ್ ಕಿಟಕಿಯ ಚೌಕಟ್ಟು ಕೈತಪ್ಪಿದ ಬಗೆ

ಕಳೆದ ತಿಂಗಳು ಸಾಗರದ ಕಡೆಯ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದು ಶಿವಮೊಗ್ಗದ ನಮ್ಮ ಮನೆಗೆ ಬಂದ. ವಿಂಡೋಸ್ ಬದಲು ಬಳಸುವ ಪುಕ್ಕಟೆ ವ್ಯವಸ್ಥೆ ಲಿನಕ್ಸಿಗೆ ಇಷ್ಟದ ಥೀಮ್, ಅಂದರೆ ಬಣ್ಣ-ಆಕಾರದ ಉಡುಪು, ಹಾಕಿದ್ದಾನೆ. ಹಳೆಯ ಕೆಲವು ಆ್ಯಪ್‌ಗಳು ಬಣ್ಣ ಬದಲಿಸಿವೆ. ಫೈಲ್‌ಗಳ ಕಿಟಕಿ, ಸೆಟ್ಟಿಂಗ್ಸ್ ಮಾತ್ರ ಜಪ್ಪಯ್ಯ ಅಂದರೂ ಬದಲಾಗಿಲ್ಲ. "ನಾ ಎಂತ ತಪ್ಪು ಮಾಡಿದೀನಿ ಅಣ್ಣಾ?" ಅಂದ. ಅವನು ತಪ್ಪೇನೂ ಮಾಡಿರಲಿಲ್ಲ. ಆ ಕಿಟಕಿಗಳ ಹಿಂದೆ ನಲವತ್ತು ವರ್ಷದ ಕಥೆಯಿದೆ.

1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ, ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಎಕ್ಸ್ ವ್ಯವಸ್ಥೆ, ಕಿಟಕಿ ಹೇಗೆ ಕಾಣಬೇಕು ಎಂಬುದನ್ನು ತಾನು ನಿರ್ಧರಿಸಲಿಲ್ಲ. ಅದನ್ನು ವಿಂಡೋ ಮ್ಯಾನೇಜರ್ ಎಂಬ ಬೇರೆ ಪ್ರೋಗ್ರಾಮಿಗೆ ಬಿಟ್ಟಿತು. ನಮ್ಮಲ್ಲಿ ಗೋಡೆ ಕಟ್ಟುವವರು ಒಬ್ಬರು, ಕಿಟಕಿ ಚೌಕಟ್ಟು ಮಾಡುವ ಆಚಾರಿ ಇನ್ನೊಬ್ಬರು, ಹಾಗೆಯೇ ಇದು. 1990ರ ದಶಕದ ಎಫ್‌ವಿಡಬ್ಲ್ಯೂಎಂ, ವಿಂಡೋ ಮೇಕರ್, ಎನ್‌ಲೈಟನ್‌ಮೆಂಟ್, ಅದೇ ಕಾಲದ ಪೂರ್ಣ ಡೆಸ್ಕ್‌ಟಾಪ್‌ಗಳಾದ ಕೆಡಿಇ, ಗ್ನೋಮ್ ಎಲ್ಲವೂ ಈ ಏರ್ಪಾಡಿನ ಮೇಲೆಯೇ ಬೆಳೆದವು.

2006ರಲ್ಲಿ ಕಾಂಪಿಜ್ ಎಂಬ ವಿಂಡೋ ಮ್ಯಾನೇಜರ್ ಬಂತು. ಆಗ ಉಬುಂಟು ಎಂಬ ಸಿದ್ಧ ಲಿನಕ್ಸ್ ಕಟ್ಟಿನ ಸಿ.ಡಿ. ಪುಕ್ಕಟೆಯಾಗಿ ಅಂಚೆಯಲ್ಲಿ ಬರುತ್ತಿತ್ತು. ಒಂದು ಲಕೋಟೆ ಬಂದರೆ ಹಾಸ್ಟೆಲಿಗೆಲ್ಲ ಹಬ್ಬ. ಹೊರಗೆ ಜಡಿಮಳೆ, ಒಳಗೆ ಗಿರ್ರನೆ ತಿರುಗುವ ಡೆಸ್ಕ್‌ಟಾಪ್ ಘನ, ಎಳೆದರೆ ಕೆಸುವಿನೆಲೆಯ ಹಾಗೆ ತೊನೆಯುವ ಕಿಟಕಿ. ಪ್ರತಿ ಕಿಟಕಿಯನ್ನೂ ಮೊದಲು ಮೆಮೊರಿಯಲ್ಲಿ ಬರೆದಿಟ್ಟು, ಆಮೇಲೆ ಗ್ರಾಫಿಕ್ಸ್ ಚಿಪ್‌ನಿಂದ ಪರದೆಗೆ ಜೋಡಿಸುತ್ತಿದ್ದುದರಿಂದ ಅವು ಹಾಗೆ ಬಳುಕುತ್ತಿದ್ದವು. ಚೌಕಟ್ಟು ಬರೆಯುವ ಎಮರಾಲ್ಡ್ ಇನ್ನೂ ಬೇರೆಯದೇ ಪ್ರೋಗ್ರಾಮ್. ಅದು ಆಗಾಗ ಸಾಯುತ್ತಿತ್ತು. ಆಗ ಎಲ್ಲ ಕಿಟಕಿಗಳ ಟೈಟಲ್ ಬಾರ್, ಅಂದರೆ ಹೆಸರಿರುವ ಮೇಲಿನ ಪಟ್ಟಿ, ಒಮ್ಮೆಗೇ ಮಾಯ, ಆದರೆ ಒಳಗೆ ಟೈಪಿಸುತ್ತಿದ್ದ ಒಂದಕ್ಷರವೂ ಹೋಗುತ್ತಿರಲಿಲ್ಲ. ಟರ್ಮಿನಲ್‌ನಲ್ಲಿ ಒಂದು ಸಾಲು ಹೊಡೆದರೆ ಚೌಕಟ್ಟುಗಳು ವಾಪಸ್. ಕಿಟಕಿ ಬೇರೆ, ಚೌಕಟ್ಟು ಬೇರೆ ಎಂದು ನಾವು ಕಲಿತದ್ದು ಹೀಗೆ.

ಕನ್ನಡದವರಿಗೆ ಇದರಿಂದ ಇನ್ನೊಂದು ಲಾಭವಿತ್ತು. ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿದ ಥೀಮ್‌ಗಳಲ್ಲಿ 'ರಾಷ್ಟ್ರೀಯ' ಎಂಬ ಫೈಲ್ ಹೆಸರಿನ ಒತ್ತಕ್ಷರಗಳು ಟೈಟಲ್ ಬಾರಿನ ಅಂಚಿಗೆ ಸಿಕ್ಕಿ ಕತ್ತರಿಸಿಹೋಗುತ್ತಿದ್ದವು. ಪಟ್ಟಿಯ ಎತ್ತರ ಹೆಚ್ಚಿಸಿದರೆ ಸರಿಹೋಗುತ್ತಿತ್ತು. ಯಾರನ್ನೂ ಕೇಳಬೇಕಿರಲಿಲ್ಲ.

2010ರಲ್ಲಿ ಉಬುಂಟುವಿನ ಕಿಟಕಿ ಬಟನ್‌ಗಳು ಎಡಕ್ಕೆ ಹೋದವು, 2017ರಲ್ಲಿ ಬಲಕ್ಕೆ ಮರಳಿದವು. 2011ರ ಗ್ನೋಮ್ 3 ಬಟನ್‌ಗಳಲ್ಲಿ ಮುಚ್ಚುವುದನ್ನು ಮಾತ್ರ ಉಳಿಸಿತು. ಒಪ್ಪದವರು ಮಾಟೆ, ಸಿನಮನ್ ಎಂಬ ಬೇರೆ ಡೆಸ್ಕ್‌ಟಾಪ್ ಕಟ್ಟಿಕೊಂಡರು. ಇವೆಲ್ಲ ಜೋರು ಜಗಳಗಳು. ಆದರೆ ನಿಜವಾದ ಬದಲಾವಣೆ ಸದ್ದಿಲ್ಲದೆ ಆದದ್ದು 2013ರಲ್ಲಿ, ಗ್ನೋಮ್ ಆ್ಯಪ್‌ಗಳನ್ನು ಕಟ್ಟುವ ಸಲಕರಣೆಯಾದ ಜಿಟಿಕೆ 3.10ರ ಹೆಡರ್ ಬಾರ್ ಬಂದಾಗ. ಲ್ಯಾಪ್‌ಟಾಪ್ ಪರದೆಗಳ ಎತ್ತರ ಕಡಿಮೆ, ಹಾಗಾಗಿ ಟೈಟಲ್ ಬಾರ್, ಟೂಲ್ ಬಾರ್ ಎರಡನ್ನೂ ಕೂಡಿಸಿ ಜಾಗ ಉಳಿಸೋಣ ಎಂಬ ಯೋಚನೆ. ಯೋಚನೆ ಒಳ್ಳೆಯದೇ. ಆದರೆ ಅಂದಿನಿಂದ ಚೌಕಟ್ಟು ಬರೆಯುವ ಕೆಲಸ ಆ್ಯಪ್‌ನ ಕೈಗೆ ಹೋಯಿತು. ಎಕ್ಸ್‌ನ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್‌ನಲ್ಲಿ ಗ್ನೋಮ್ ಇದನ್ನೇ ನಿಯಮ ಮಾಡಿಕೊಂಡಿತು. ಕೆಡಿಇ ಮಾತ್ರ ಒಪ್ಪುವ ಆ್ಯಪ್‌ಗಳಿಗೆ ತಾನೇ ಚೌಕಟ್ಟು ಹಾಕುತ್ತದೆ.

2019ರಲ್ಲಿ ಕೆಲವು ಆ್ಯಪ್ ತಯಾರಕರು ಬಹಿರಂಗ ಪತ್ರ ಬರೆದು, ಉಬುಂಟುವಿನಂಥ ಲಿನಕ್ಸ್ ವಿತರಣೆಗಳು ತಮ್ಮ ಆ್ಯಪ್‌ಗಳಿಗೆ ಥೀಮ್ ಹೇರಬಾರದೆಂದು ಕೋರಿದರು. ಥೀಮ್‌ನಿಂದ ಅಕ್ಷರ ಕಾಣದಂತಾದರೂ ದೂರು ಬರುವುದು ಅವರಿಗೇ. ಅವರ ಮಾತಿನಲ್ಲಿ ಹುರುಳಿದೆ. 2022ರ ಗ್ನೋಮ್ 42ರಿಂದ ಲಿಬ್‌ಅಡ್ವೈಟಾ ಬಳಸುವ ಆ್ಯಪ್‌ಗಳು ಹೊರಗಿನ ಥೀಮ್ ಓದುವುದನ್ನೇ ಬಿಟ್ಟವು (ಲಿಬ್‌ಅಡ್ವೈಟಾ ಎಂದರೆ ಗ್ನೋಮ್‌ನದೇ ವಿನ್ಯಾಸ ಸಲಕರಣೆ). ಹುಡುಗನ ಫೈಲ್‌ಗಳ ಕಿಟಕಿ, ಸೆಟ್ಟಿಂಗ್ಸ್ ಅಂಥವೇ. 2024ರ ಗ್ನೋಮ್ 47ರಲ್ಲಿ ಒಂಬತ್ತು ಬಣ್ಣಗಳ ಆಯ್ಕೆ ಸಿಕ್ಕಿತು. ಒಂಬತ್ತು ಬಣ್ಣ ಸಿಕ್ಕರೂ ಪಟ್ಟಿಯ ಎತ್ತರ ನನ್ನ ಕೈಗೆ ಬರಲಿಲ್ಲ.

ಹುಡುಗನ ಲ್ಯಾಪ್‌ಟಾಪಿಗೆ ಎಕ್ಸ್‌ಎಫ್‌ಸಿಇ ಎಂಬ ಬೇರೊಂದು ಡೆಸ್ಕ್‌ಟಾಪ್ ಹಾಕಿಕೊಟ್ಟೆ. ಅದರ ವಿಂಡೋ ಮ್ಯಾನೇಜರಿನ ಎಷ್ಟೋ ಥೀಮ್‌ಗಳು ಎಕ್ಸ್‌ಪಿಎಂ ಚಿತ್ರಗಳಲ್ಲಿವೆ. ಎಕ್ಸ್‌ಪಿಎಂ ಎಂದರೆ ಬರೀ ಪಠ್ಯ, ಯಾವ ಎಡಿಟರಿನಲ್ಲಾದರೂ ತೆರೆದು ಬಣ್ಣದ ಸಂಖ್ಯೆ ತಿದ್ದಬಹುದು. ಅವನು ಒಂದೊಂದೇ ಸಾಲು ತಿದ್ದುತ್ತಾ, ಸಂಜೆ ಬಸ್ಸಿನ ಹೊತ್ತಿಗೆ ಟೈಟಲ್ ಬಾರನ್ನು ಹಣ್ಣಡಿಕೆ ಬಣ್ಣಕ್ಕೆ ತಂದಿದ್ದ.